ಒನಕೆ ಎತ್ತಿದ್ದಷ್ಟೇ ಬಂತು

ಸೊನ್ನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನಾಲ್ಕನೇ ಲೆವೆಲ್ ಸ್ಲಾಟ್ (ಮಂತ್ರ ಹಾಕೋಕೆ ಎಣಿಸಿ ಕೊಡೋ ಪಾಲು) ಸುಟ್ಟು ಡ್ಯಾಮೇಜ್ ಸೊನ್ನೆ! ಏಳನೇ ಲೆವೆಲ್ ವಿಝರ್ಡ್‌ಗೆ ದಿನಕ್ಕಿರೋದೇ ಅದೊಂದು ಕಣ್ರೀ. ಈ ಮಂತ್ರಕ್ಕೆ ಫ್ಯಾಂಟಾಸ್ಮಲ್ ಕಿಲ್ಲರ್ (ಭ್ರಮೆಯ ಕೊಲೆಗಾರ) ಅಂತ ಹೆಸರಿಟ್ಟ ಪುಣ್ಯಾತ್ಮ ಯಾರು? ಕಿಲ್ಲರ್ ಅಂತೆ ಕಿಲ್ಲರ್.

ಎದುರಾಳಿ ಕ್ಯಾಪ್ಟನ್ ಮೊದಲ ವಿಸ್ಡಮ್ ಸೇವ್ (ಮಂತ್ರ ತಪ್ಪಿಸ್ಕೊಳ್ಳೋಕೆ 20 ಮುಖದ ಡೈ ಉರುಳಿಸೋದು) ಸೋತಾಗ ಟೇಬಲ್ ತುಂಬ ಕೇಕೆ. ಅವನ ಮನಸ್ಸಲ್ಲಿರೋ ಭಯವೇ ರೂಪ ತಾಳಬೇಕಲ್ಲ, ಅವನೋ ಹೈದರಾಲಿ ಕಡೆಯವನು, ಆಟ ನಡೆಸೋ ಡಿಎಂ ಬಿಡ್ತಾನಾ? ಕಿಂಡಿ ಬಂತು, ಕತ್ತಲು ಬಂತು, ಸೆರಗು ಬಿಗಿದ ಓಬವ್ವ ಬಂದಳು, ಒನಕೆ ಎತ್ತಿದಳು. ದುರ್ಗದವರಿಬ್ಬರು ಎದ್ದು ನಿಂತು ಶಿಳ್ಳೆ ಹೊಡೆದ್ರು. ಮಿರ್ಚಿ ಎಣ್ಣೆ ಕೈ ಪ್ಯಾಂಟಿಗೆ ಒರೆಸ್ಕೊಂಡು ಡ್ಯಾಮೇಜಿನ ನಾಲ್ಕು ಡಿ10 (ಹತ್ತು ಮುಖದ ಡೈಸ್) ಮುಷ್ಟಿಲಿ ಕುಲುಕ್ತಾ ಕೂತಿದ್ದೆ. "ತಡಿಯಪ್ಪ, ಈಗಲೇ ಅಲ್ಲ" ಅಂದ ಡಿಎಂ.

ನಿಜ, 2014ರ ಪುಸ್ತಕದ ರೂಲ್ ಹಂಗೇ ಇದೆ. ಮೊದಲ ಸೇವ್ ಸೋತರೆ ಬರೀ ಹೆದರಿಕೆ. ಏಟು ಬೀಳೋದು ಅವನ ಟರ್ನ್ ಮುಗಿದಾಗ, ಅದೂ ಇನ್ನೊಂದು ಸೇವ್ ಸೋತರೆ. ಡಿಸ್‌ಅಡ್ವಾಂಟೇಜಲ್ಲಿ (ಎರಡು ಡೈ ಹಾಕಿ ಕಡಿಮೆಯದೇ ಲೆಕ್ಕ) ಕ್ಯಾಪ್ಟನ್ ಬಾಣ ಬಿಟ್ಟ, ತಪ್ಪಿತು. ಆಮೇಲೆ ಎರಡನೇ ಸೇವ್‌ನ ಡೈ ಉರುಳಿ ಮಂಡಕ್ಕಿ ಪೊಟ್ಟಣಕ್ಕೆ ಒರಗಿ ನಿಂತಿತು. 18. ಓರೆಯಾಗಿದೆ, ಮತ್ತೆ ಹಾಕು ಅಂದೆ. ಡಿಎಂ ಬಗ್ಗಿ ನೋಡಿ "ನೆಟ್ಟಗೇ ಇದೆ" ಅಂದ. ಸೇವ್ ಗೆದ್ದ, ಓಬವ್ವ ಮಾಯ. ಬಾಗಿಲ ಹತ್ರ ಕೂತಿದ್ದ ಹುಡುಗ ಬೇಕಂತಲೇ ಕೇಳಿದ, "ಡ್ಯಾಮೇಜ್ ಎಷ್ಟಣ್ಣ?" ಡೈಸ್ ಇನ್ನೂ ಮುಷ್ಟಿಲೇ ಇದ್ವು.

ಹೋಗ್ಲಿ ಬಿಡ್ರಿ, ಆಟ ತಾನೆ. ಆಟವೇನ್ರೀ ಇದು! ಲೆಕ್ಕ ನೋಡಿ: ನನ್ನ ಇಂಟೆಲಿಜೆನ್ಸ್ 18, ಅಂದ್ರೆ ಡಿಸಿ (ಅವನು ಮುಟ್ಟಬೇಕಾದ ಅಂಕ) 15. ಅವನ ಸೇವ್‌ಗೆ +3. ಒಂದು ಸಲ ಸೋಲೋದು ನೂರಕ್ಕೆ 55, ಸತತ ಎರಡು ಸಲ ನೂರಕ್ಕೆ 30. ಹತ್ತರಲ್ಲಿ ಏಳು ಸಲ ಒಂದು ಏಟೂ ಬೀಳಲ್ಲ. ಬಿದ್ದರೂ ಸರಾಸರಿ 22. ಒಂದು ಲೆವೆಲ್ ಕೆಳಗಿರೋ ಫೈರ್‌ಬಾಲ್ ಸರಾಸರಿ 28, ಸೇವ್ ಗೆದ್ದವನಿಗೂ ಅರ್ಧ. ಮೇಲಾಗಿ ಇದಕ್ಕೆ ಕಾನ್ಸಂಟ್ರೇಷನ್ (ಗಮನ ಬಿಡದೆ ಹಿಡಿದಿರೋದು) ಬೇರೆ, ಯಾರೋ ನಿಮಗೆ ಒಂದು ಕೊಟ್ರೆ ಅದೂ ಕೈಬಿಟ್ಟೀತು. ಕಲ್ಲು, ಕಬ್ಬಿಣದ ಗೋಲೆಮ್ (ಮಂತ್ರದಿಂದ ನಡೆಯೋ ಗೊಂಬೆ) ಮುಂದೆ ಅಂತೂ ಬಾಯಿ ತೆಗೀಬೇಡಿ, ಅದಕ್ಕೆ ಭಯವೂ ಇಲ್ಲ, ಈ ಮಂತ್ರದ ಸೈಕಿಕ್ (ಮನಸ್ಸಿಗೆ ಬೀಳೋ) ಡ್ಯಾಮೇಜೂ ತಾಗಲ್ಲ. ವಿಸ್ಡಮ್ 7ರ ದಡ್ಡ ರಾಕ್ಷಸ ಓಗರ್ ಸಿಕ್ಕಿದ್ರೆ ಚೆನ್ನಾಗಿ ಬೀಳುತ್ತೆ, ಆದ್ರೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಈ ಲೆಕ್ಕ ಎಲ್ಲ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಇದನ್ನೇ ಪ್ರಿಪೇರ್ ಮಾಡಿದ ಮಹಾನುಭಾವ ನಾನೇ. ಮೊದಲು ಮೈಂಡ್ ಸ್ಲಿವರ್ ಮಂತ್ರ ಹಾಕಿಸಿ ಸೇವ್‌ನಿಂದ ಒಂದು ಡಿ4 ಕಳೆಯಬಹುದಿತ್ತು. ಡಿವಿನೇಷನ್ (ಭವಿಷ್ಯ ನೋಡೋ) ವಿದ್ಯೆ ಓದಿದ್ರೆ ಪೋರ್ಟೆಂಟ್‌ನ ಮೊದಲೇ ಉರುಳಿಸಿಟ್ಟ ಕೆಟ್ಟ ಡೈ ಅವನಿಗೆ ಇಟ್ಟುಬಿಡಬಹುದಿತ್ತು. ಇಲ್ಲ, ಸಾಹೇಬ್ರು ಹೆಸರಿಗೆ ಮರುಳಾದ್ರು.

ಆಟದ ಹಳೇ 3.5 ಆವೃತ್ತಿಲಿ ಇದಕ್ಕೊಂದು ಮರ್ಯಾದೆ ಇತ್ತು. ಮೊದಲು ವಿಲ್ (ಮನಸ್ಸಿನ) ಸೇವ್, ಆಮೇಲೆ ಫಾರ್ಟಿಟ್ಯೂಡ್ (ಮೈಯ) ಸೇವ್, ಎರಡೂ ಸೋತರೆ ಹೆದರಿಕೆಗೇ ಸತ್ತ. ಎರಡನೇದು ಗೆದ್ದರೂ 3ಡಿ6 ತಿನ್ನಲೇಬೇಕು. 2024ರ ಪುಸ್ತಕದಲ್ಲೂ ತಿದ್ದಿದ್ದಾರೆ, ಮೊದಲ ಸೇವ್ ಸೋತ ಕೂಡಲೇ 4ಡಿ10, ಗೆದ್ದರೆ ಅರ್ಧ. ಹೊಸ ಪುಸ್ತಕ ತಗೊಳ್ರಪ್ಪ ಅಂದ್ರೆ ನಮ್ಮ ಪಿ.ಜೆ. ಬಡಾವಣೆ ಟೇಬಲ್ಲಿಗೆ ಹಳೇದೇ ವೇದ.

ಸ್ಪೆಲ್ ಹಾಳಾಗಿ ಹೋಗ್ಲಿ. ಪೊಟ್ಟಣಕ್ಕೆ ಒರಗಿದ ಡೈ ನೆಟ್ಟಗಿರುತ್ತಾ? ಯಾರಾದ್ರೂ ಹೇಳ್ರಪ್ಪ.