ತಾರಸಿ ತೋಟ ಮಾಡಿದರೆ ಮನೆ ಸೋರುತ್ತದಾ?

“ತಾರಸಿ ಮೇಲೆ ಗಿಡ ಬೆಳೆಸಬೇಡಿ, ಬೇರು ಆರ್‌ಸಿಸಿಯನ್ನೇ ಸೀಳಿ ಮನೆ ಸೋರುತ್ತದೆ.” ಈ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ಪೂರ್ತಿ ನಿಜವಲ್ಲ.

ಟೊಮೆಟೊ, ಸೊಪ್ಪು, ಮೆಣಸಿನ ಗಿಡದ ಬೇರಿಗೆ ಗಟ್ಟಿ ಕಾಂಕ್ರೀಟನ್ನು ಸೀಳುವ ಶಕ್ತಿ ಇಲ್ಲ. ತೊಂದರೆ ಕೊಡುವುದು ಅರಳಿ, ಆಲದಂಥವು. ಅವನ್ನು ಯಾರೂ ನೆಡುವುದೂ ಇಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಹಳೇ ಬಿರುಕಿನಲ್ಲಿ ಮೊಳೆಯುತ್ತದೆ, ಅಷ್ಟೇ. ತೋಟವೇ ಇಲ್ಲದ ತಾರಸಿಯಲ್ಲೂ ಇದನ್ನು ನೋಡಿರುತ್ತೀರಿ, ಅಲ್ವಾ?

ಸೋರುವುದಕ್ಕೆ ಕಾರಣ ನಿಂತ ನೀರು ಮತ್ತು ಕೆಟ್ಟ ವಾಟರ್‌ಪ್ರೂಫಿಂಗ್. ಹಾಗಾಗಿ ಮಣ್ಣು ಹಾಕುವ ಮೊದಲು ತಾರಸಿಯ ನೀರು ಹೊರಹೋಗುವ ಕೊಳವೆ ಮುಚ್ಚಿ, ಒಂದೆರಡು ಇಂಚು ನೀರು ಕಟ್ಟಿ, ಎರಡು ದಿನ ಬಿಡಿ. ಕೆಳಗೆ ತೇವ ಕಂಡರೆ ಮೊದಲು ಅದನ್ನು ಸರಿಮಾಡಿಸಿ. ನೇರವಾಗಿ ಮಣ್ಣು ಹರಡುವುದಾದರೆ ವಾಟರ್‌ಪ್ರೂಫಿಂಗ್ ಮೇಲೆ ಬೇರು ತಡೆಯುವ ಹಾಳೆ, ಅದರ ಮೇಲೆ ನೀರು ಬಸಿಯುವ ಪದರ ಬೇಕೇ ಬೇಕು. ಕುಂಡಗಳಾದರೆ ಸ್ಟ್ಯಾಂಡ್ ಮೇಲಿಡಿ, ಅಡಿ ಒಣಗಿರಲಿ.

ನನಗೆ ನಿಜವಾದ ಚಿಂತೆ ಭಾರದ್ದು. ಆ ಸಂದೇಶದಲ್ಲಿ ಅದರ ಮಾತೇ ಇಲ್ಲ! ಕಟ್ಟಡದ ಮೇಲೆ ಬೀಳುವ ಭಾರಕ್ಕೆ ನಮ್ಮ ದೇಶದ ಮಾನದಂಡ ಐಎಸ್ 875. ಜನ ಓಡಾಡುವ ತಾರಸಿಗೆ ಅದು ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೊ. ಬರೀ 10 ಸೆಂಟಿಮೀಟರ್ ದಪ್ಪದ ಒದ್ದೆ ತೋಟದ ಮಣ್ಣೇ ಚದರ ಮೀಟರಿಗೆ 160ರಿಂದ 200 ಕಿಲೊ ತೂಗಬಹುದು. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಬೆರೆಸಿದರೆ ಹಗುರಾಗುತ್ತದೆ. ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಿ. ಇಡೀ ತಾರಸಿಗೆ ಮಣ್ಣು ಹಾಸುವ ಆಸೆ ಇದ್ದರೆ, ದಯವಿಟ್ಟು ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ.