ಕಂದು ನೀರಿಗೆ ಇನ್ನೊಂದು ಡಬ್ಬ ಪುಡಿ ಸುರಿಯುವ ಮೊದಲು

ಕೊಡಗಿನಲ್ಲಿ ಕಕ್ಕಡ ಎನ್ನುವ ಜುಲೈ-ಆಗಸ್ಟ್ ತಿಂಗಳ ಮಳೆಗೆ ನಮ್ಮ ತೋಟದ ಬಾವಿಯ ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಈ ಸಲ ಚಿಕ್ಕಪ್ಪ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಮರುದಿನ ಕ್ಲೋರಿನ್ ವಾಸನೆಯೇ ಇಲ್ಲ. “ಸಾಲಲಿಲ್ಲ, ಇನ್ನೊಂದು ಡಬ್ಬ ಸುರಿ” ಎಂದರು. ನಾನು ತಡೆದೆ, ಮಾತಿಗೆ ಮಾತು ಬೆಳೆಯಿತು. ಅಂದು ಸಮಾಧಾನದಿಂದ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಬಣ್ಣ ಬರಿಯ ಮಣ್ಣಿನದಲ್ಲ. ಕಾಫಿಗೆ ನೆರಳು ಕೊಡುವ ಮರಗಳ ಎಲೆ ಕೊಳೆತು ಬಿಡುವ ರಸವೂ ಅದರಲ್ಲಿದೆ. ಹ್ಯೂಮಿಕ್ ಆಮ್ಲ ಎನ್ನುವುದು ಅದನ್ನೇ. ಕ್ಲೋರಿನ್ ರೋಗಾಣುವನ್ನೇ ಹುಡುಕಿಕೊಂಡು ಹೋಗುವುದಿಲ್ಲ, ಇಂಥ ರಸದ ಮೇಲೂ ಎರಗುತ್ತದೆ. ಹಾಗಾಗಿಯೇ ಕಂದು ನೀರು ಎಷ್ಟು ಪುಡಿ ಹಾಕಿದರೂ ನುಂಗುತ್ತದೆ. ನುಂಗಿದ್ದು ಮಾಯವಾಗುವುದಿಲ್ಲ. ಕ್ಲೋರೋಫಾರ್ಮ್ ಮತ್ತು ಅದರ ಬಳಗದ ಟ್ರೈಹಾಲೋಮೀಥೇನ್‌ಗಳು, ಜೊತೆಗೆ ಹಾಲೋಅಸಿಟಿಕ್ ಆಮ್ಲಗಳು ಹುಟ್ಟುತ್ತವೆ. ಹಿಂದಿನ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಮೂಗಿಗೆ ಹಿಡಿಯುತ್ತಿದ್ದರಲ್ಲ, ಅದೇ ಕ್ಲೋರೋಫಾರ್ಮ್! ಕ್ಲೋರಿನ್ ಬೆರೆತ ನದಿನೀರಿನಲ್ಲಿ ಇದು ಉಂಟಾಗುತ್ತದೆ ಎಂದು 1974ರಲ್ಲಿ ತೋರಿಸಿದವರು ನೆದರ್ಲೆಂಡ್ಸ್‌ನ ರಸಾಯನಶಾಸ್ತ್ರಜ್ಞ ಯೋಹಾನ್ನೆಸ್ ರೂಕ್. ಇಂಥ ನೀರನ್ನು ದಶಕಗಳ ಕಾಲ ಕುಡಿಯುವುದಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ನಂಟಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಲೋರೋಫಾರ್ಮಿನ ಮಿತಿ ಲೀಟರಿಗೆ 0.2 ಮಿಲಿಗ್ರಾಂ.

ಇಷ್ಟು ಓದಿ ಕ್ಲೋರಿನ್ನೇ ಬೇಡ ಎನ್ನಬೇಡಿ. “ಬೆಟ್ಟದ ನೀರು, ಹಾಗೆಯೇ ಕುಡಿಯಬಹುದು” ಎನ್ನುವವರನ್ನು ಕಂಡರೆ ನನಗೆ ಚಿಕ್ಕಪ್ಪನ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ. ಟೈಫಾಯ್ಡ್, ಕಾಮಾಲೆಗಳು ದಶಕ ಕಾಯುವುದಿಲ್ಲ. ಕ್ಲೋರೋಫಾರ್ಮಿನಂಥ ಉಪ ಉತ್ಪನ್ನಗಳ ಹೆದರಿಕೆಯಿಂದ ಸೋಂಕು ನಿವಾರಣೆಯಲ್ಲಿ ರಾಜಿಯಾಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ನಮ್ಮ ತಪ್ಪು ಇರುವುದು ಹಿಂದುಮುಂದಾದ ಕ್ರಮದಲ್ಲಿ. ಬೇಸಿಗೆಯಲ್ಲೇ ಬಾವಿಯ ತಳದ ಕೆಸರು ಎತ್ತಿ, ಎಲೆ ಬೀಳದಂತೆ ಬಲೆ ಹೊದಿಸಬೇಕು. ತೊಟ್ಟಿಯ ನೀರಾದರೆ ಪಟಿಕ ಕಲಸಿ, ಕಂದು ಬಣ್ಣ ತಳಕ್ಕಿಳಿಯಲು ಬಿಟ್ಟು, ಮರಳಿನಲ್ಲಿ ಸೋಸಬೇಕು. ಕ್ಲೋರಿನ್ ಆಮೇಲೆ. ಆಗ ಸ್ವಲ್ಪವೇ ಸಾಕಾಗುತ್ತದೆ. ಪಾತ್ರೆ ಮುಚ್ಚದೆ ಕುದಿಸಿದರೆ ಕ್ಲೋರೋಫಾರ್ಮ್ ಬಹುಪಾಲು ಹಾರಿಹೋಗುತ್ತದೆ, ಹಾಲೋಅಸಿಟಿಕ್ ಆಮ್ಲಗಳು ಹಾಗೆ ಹಾರುವುದಿಲ್ಲ.

ಮಡಿಕೇರಿಗೆ ನೀರುಣಿಸುವ ಕೂಟುಹೊಳೆಯಾಗಲಿ, ಹಳ್ಳಿಯ ತೆರೆದ ಬಾವಿಯಾಗಲಿ, ನಮ್ಮಲ್ಲಿ ಎಲೆ ಕೊಳೆಯದ ದಾರಿಯಲ್ಲಿ ಹರಿದು ಬರುವ ನೀರೇ ಇಲ್ಲ. ನಗರಸಭೆ, ಪಂಚಾಯಿತಿಗಳ ಸದಸ್ಯರಲ್ಲಿ ನನ್ನ ಬೇಡಿಕೆ ಒಂದೇ: ನೀರಿನ ಮಾದರಿಯನ್ನು ತಿಳಿಯಾಗಿರುವ ಬೇಸಿಗೆಯಲ್ಲಿ ಮಾತ್ರವಲ್ಲ, ಕಕ್ಕಡದಲ್ಲೂ ತೆಗೆಯಿರಿ, ಟ್ರೈಹಾಲೋಮೀಥೇನ್ ಎಷ್ಟಿದೆ ಎಂಬುದನ್ನೂ ಪರೀಕ್ಷಿಸಿ ಫಲಿತಾಂಶವನ್ನು ಸೂಚನಾಫಲಕದಲ್ಲಿ ಅಂಟಿಸಿ.