ಪುಟ ಹಪ್ಪಳವಾದಾಗ

ಚಿತ್ರದ ದಿನಚರಿ, ಅಂದರೆ ದಿನಕ್ಕಿಷ್ಟು ಚಿತ್ರ ಬಿಡಿಸಿ, ಟಿಕೆಟ್ಟು ಪತ್ರಿಕೆಯಂಥ ಚೂರು ಅಂಟಿಸುವ ಪುಸ್ತಕ ಇಡಬೇಕೆಂದು ಹೊರಟವರು ಮೊದಲು ಕೂರುವುದು ಮೇಜಿನ ಮುಂದಲ್ಲ, ನೇರ ಅಂಗಡಿಗೇ ಹೋಗುತ್ತಾರೆ. ಬರುವಾಗ 48 ಬಣ್ಣದ ಡಬ್ಬಿ, ಡಜನ್ ಬ್ರಷ್ಷು, ಚರ್ಮದ ರಟ್ಟಿನ ಪುಸ್ತಕ. ಪುಸ್ತಕ ಎಷ್ಟು ಚೆಂದವೆಂದರೆ ಅದರಲ್ಲಿ ಗೀಚಲು ಕೈಯೇ ಬರುವುದಿಲ್ಲ. ಎರಡು ವರ್ಷ ಬೀರುವಿನಲ್ಲಿ ರೇಷ್ಮೆ ಸೀರೆಯ ಪಕ್ಕ ಮಲಗಿದ್ದು, ಆಮೇಲೆ ಹಾಲಿನ ಲೆಕ್ಕಕ್ಕೆ ಸಲ್ಲುತ್ತದೆ.

ಬೇಕಾದದ್ದು ಇಷ್ಟೇ. ಎ5 ಅಳತೆಯ, ಅಂದರೆ 148 ಮಿ.ಮೀ. ಅಗಲ, 210 ಮಿ.ಮೀ. ಉದ್ದದ ಪುಸ್ತಕ. ಮಕ್ಕಳು ಬಳಿಯುವ 12 ಬಿಲ್ಲೆಯ ವಾಟರ್ ಕಲರ್. 6ನೇ ನಂಬರಿನ ದುಂಡು ಬ್ರಷ್ಷು ಒಂದು, ವಾಟರ್‌ಪ್ರೂಫ್ ಕಪ್ಪು ಪೆನ್ನು ಒಂದು, ಗ್ಲೂ ಸ್ಟಿಕ್ ಒಂದು. ಬ್ರಷ್ಷು ಒರೆಸಲು ಹಳೇ ಬನಿಯನ್. ಅದಕ್ಕೆ ಯಾವ ಮನೆಯಲ್ಲೂ ಬರವಿಲ್ಲ.

ದುಡ್ಡು ಹಾಕುವುದಿದ್ದರೆ ಕಾಗದಕ್ಕೆ ಹಾಕಿ. ಶಾಲೆಯ ನೋಟ್‌ಬುಕ್ಕಿನ ಹಾಳೆ ಹೆಚ್ಚೆಂದರೆ 60–70 ಜಿಎಸ್ಎಂ. ಒಂದು ಚದರ ಮೀಟರಿನಷ್ಟು ಹಾಳೆ ಅಷ್ಟು ಗ್ರಾಂ ತೂಗುತ್ತದೆ ಎಂದರ್ಥ. ಅದರ ಮೇಲೆ ನೀರು ಬಿದ್ದ ಕಡೆ ನಾರು ಉಬ್ಬುತ್ತದೆ, ಒಣಗಿದ ಕಡೆ ಉಬ್ಬುವುದಿಲ್ಲ. ಇವೆರಡರ ಜಗಳದಲ್ಲಿ ಪುಟ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಡೊಂಕಾಗುತ್ತದೆ. ತೆಳು ಬಣ್ಣಕ್ಕೆ 200 ಜಿಎಸ್ಎಂ ಸಾಕು, ಧಾರಾಳವಾಗಿ ನೀರು ಹೊಯ್ಯುವವರಿಗೆ 300 ಬೇಕು. ನೋಟ್‌ಬುಕ್ಕೇ ಗತಿಯಾದರೆ ಎರಡೆರಡು ಹಾಳೆಯನ್ನು ಗ್ಲೂ ಸ್ಟಿಕ್ಕಿನಿಂದ ಅಂಟಿಸಿ ಒಂದು ಮಾಡಿಕೊಳ್ಳಿ. ಬಡಗಿಯವರ ಬಿಳಿ ಅಂಟು ಬೇಡ. ಅದರಲ್ಲೂ ನೀರಿದೆ, ಮತ್ತೆ ಹಪ್ಪಳವೇ. ಡೊಂಕಾದ ಪುಟವನ್ನು ಪೂರ್ತಿ ಒಣಗಿದ ಮೇಲೆ ಎರಡು ಬಿಳಿ ಹಾಳೆಯ ನಡುವೆ ಇಟ್ಟು, ರಾತ್ರಿಯಿಡೀ ನಿಘಂಟಿನ ಅಡಿ ಒತ್ತಿಡಿ. ನಿಘಂಟಿಗೂ ಒಂದು ಕೆಲಸವಾಯಿತು.

ಇಸ್ತ್ರಿ ಪೆಟ್ಟಿಗೆಯ ಯೋಚನೆ ಎಲ್ಲರಿಗೂ ಬರುತ್ತದೆ. ಪುಟದಲ್ಲಿ ಬಸ್ ಟಿಕೆಟ್ ಅಂಟಿಸಿದ್ದೀರಾ, ನೋಡಿಕೊಳ್ಳಿ. ಕಂಡಕ್ಟರ್ ಮೆಷಿನ್ನಿನಿಂದ ಹರಿದುಕೊಡುವ ಟಿಕೆಟ್ಟಿನಲ್ಲಿ ಶಾಯಿಯೇ ಇಲ್ಲ, ಬಿಸಿ ತಗುಲಿದ ಕಡೆ ಕಾಗದವೇ ಕಪ್ಪಾಗುತ್ತದೆ. ಇಸ್ತ್ರಿ ಇಟ್ಟಿರೋ, ಮೆಜೆಸ್ಟಿಕ್ಕಿನಿಂದ ಬನಶಂಕರಿಯವರೆಗೆ ಒಂದೇ ಕತ್ತಲು. ಇಸ್ತ್ರಿ ಮಾಡದೆ ಬಿಟ್ಟರೂ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಮೊದಲು ಜೆರಾಕ್ಸ್ ಮಾಡಿಸಿ, ಜೆರಾಕ್ಸನ್ನೇ ಅಂಟಿಸಿ. ಲಗ್ನಪತ್ರಿಕೆಯ ಗಣಪತಿಗೆ ಈ ತೊಂದರೆಯಿಲ್ಲ. ಕತ್ತರಿಸುವಾಗ ಅಜ್ಜಿ ಎದುರಿಗಿರಬಾರದು, ಅಷ್ಟೇ.

ಪೆನ್ನಿನ ವಿಷಯದಲ್ಲಿ ಅಂಗಡಿಯವರ ಮಾತು ನಂಬಬೇಡಿ. ಕೊನೆಯ ಪುಟದಲ್ಲಿ ನಾಲ್ಕು ಗೆರೆ ಎಳೆದು, ಐದು ನಿಮಿಷ ಬಿಟ್ಟು, ಒದ್ದೆ ಬ್ರಷ್ಷು ಆಡಿಸಿ ನೋಡಿ. ಕದಡಿದರೆ ಆ ಪೆನ್ನು ಬಣ್ಣ ಒಣಗಿದ ಮೇಲಷ್ಟೇ ಬರೆಯಲಿಕ್ಕೆ. ಇಲ್ಲವಾದರೆ ನೀವು ಬರೆದ ತೆಂಗಿನ ಮರ ಮುಂಗಾರು ಮೋಡವಾಗುತ್ತದೆ.

ಬ್ರಷ್ಷು ತೊಳೆಯುವ ನೀರನ್ನು ಸ್ಟೀಲ್ ಲೋಟದಲ್ಲಿ ಇಡಬೇಡಿ. ಪಕ್ಕದಲ್ಲಿ ಕಾಫಿಯೂ ಸ್ಟೀಲ್ ಲೋಟದಲ್ಲೇ ಇರುತ್ತದೆ, ಮಣ್ಣಿನ ಬಣ್ಣ ಕದಡಿದ ನೀರೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿರುತ್ತದೆ. ಬ್ರಷ್ಷು ಕಾಫಿಗೆ ಬಿದ್ದರೆ ಹೋಗಲಿ, ಇನ್ನೊಂದು ದಿಕ್ಕಿನ ತಪ್ಪು ದುಬಾರಿ. ಖಾಲಿ ಉಪ್ಪಿನಕಾಯಿ ಬಾಟಲಿ ಎರಡು ಇಟ್ಟುಕೊಳ್ಳಿ: ಒಂದು ಕೊಳೆ ತೊಳೆಯಲು, ಇನ್ನೊಂದು ಸ್ವಚ್ಛ ನೀರಿಗೆ. ಬ್ರಷ್ಷನ್ನು ಅದರಲ್ಲೇ ನಿಲ್ಲಿಸಿ ಊಟಕ್ಕೆ ಹೋದರೆ ಕೂದಲು ಬಾಗಿ ಪೊರಕೆಯಾಗಿರುತ್ತದೆ. ಅಂದಹಾಗೆ, ಗಟ್ಟಿ ಡಿಕಾಕ್ಷನ್ ಒಳ್ಳೆಯ ಕಂದು ಬಣ್ಣ. ಮೂರು ಸಲ ಬಳಿದರೆ ಹಳೇ ಮನೆಯ ಬಾಗಿಲಿಗೆ ಹೇಳಿ ಮಾಡಿಸಿದಂತಿರುತ್ತದೆ. ಸಕ್ಕರೆ ಬೆರೆಸಿದ್ದನ್ನು ಮಾತ್ರ ಬಳಿಯಬೇಡಿ, ಬೆಳಗಾಗುವಷ್ಟರಲ್ಲಿ ನಿಮ್ಮ ಚಿತ್ರಕ್ಕೆ ಇರುವೆಗಳ ಮೆಚ್ಚುಗೆ ಸಾಲುಗಟ್ಟಿರುತ್ತದೆ.

ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ಪುಟ ಹೆದರಿಸುತ್ತದೆ, ಅದನ್ನು ಖಾಲಿ ಬಿಟ್ಟು ಮೂರನೆಯದರಿಂದ ಶುರು ಮಾಡಿ. ಏನು ಬಿಡಿಸುವುದೆಂದು ತೋಚದಿದ್ದರೆ ಎದುರಿಗಿರುವ ಬದನೆಕಾಯಿ ಇದೆಯಲ್ಲ. ಅದರ ನೇರಳೆಗೆ ಕೆಂಪು, ನೀಲಿ ಬೆರೆಸಿ. ಜೊತೆಗೆ ಹಳದಿಯೂ ಸೇರಿದರೆ ಕೆಸರಾಗುತ್ತದೆ. ಡಬ್ಬಿಯಲ್ಲಿರುವ ಎಲ್ಲ ಬಣ್ಣಕ್ಕೂ ಅವಕಾಶ ಕೊಡಬೇಕೆಂಬ ಸಮಾನತೆ ಇಲ್ಲಿ ನಡೆಯದು.

ಪುಸ್ತಕ ಮುಚ್ಚುವ ಮುಂಚೆ ಬೆರಳಿನ ಹಿಂಬದಿಯಿಂದ ಪುಟ ಮುಟ್ಟಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ಪಸೆಯಿದೆ. ಫ್ಯಾನಿನಡಿ ತೆರೆದಿಟ್ಟು ಆಚೆ ಹೋಗಿ. ಅವಸರಕ್ಕೆ ಮುಚ್ಚಿಟ್ಟರೆ ಮರುದಿನ ಬಿಡಿಸುವಾಗ ಚರ್‍ರ್ ಎನ್ನುತ್ತದೆ. ಬದನೆಕಾಯಿ ಈ ಪುಟದಲ್ಲಿ, ತೊಟ್ಟು ಎದುರಿನ ಪುಟದಲ್ಲಿ.